ಆಗಸ್ಟ್‌ನಲ್ಲಿ ಯಾರಿಗೂ ಕಾಯಿಲೆ ಇಲ್ಲ

ಬೋಕಾ ದೆ ಸಾಲ್, ಮೆಕ್ಸಿಕೋ
ಏಪ್ರಿಲ್ 28, 1993

ಆರ್ಲೀನ್,

ನೀವಿಬ್ಬರೂ ಹೊರಟು ಹನ್ನೆರಡು ದಿನವಾಯಿತು. ಈಸ್ಟರ್ ವಾರದ ಗದ್ದಲದ ಜನ ತೊಲಗಿದರು. ಚಳಿಗಾಲ ಕಳೆಯಲು ಬರುವ ನಮ್ಮ ಕೆನಡಾದವರ ಕ್ಯಾಂಪರ್‌ಗಳು, ಆ ಮನೆಯಂಥ ಗಾಡಿಗಳೂ ಒಂದೊಂದಾಗಿ ಹೊರಟವು. ಕೊನೆಯದು ನಾಳೆ ಹೋಗುತ್ತದೆ, ಈ ಕಾಗದ ಅದರಲ್ಲೇ ಬರುತ್ತದೆ. ದೋನ್ಯಾ ಚೂಯ್ ತನ್ನ ಹೋಟೆಲಿನ ಹೊರಗಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದಿದ್ದಾಳೆ. ಕೆನಡಾಕ್ಕೆ ಹೋಗುವವರ ಕೈಯಲ್ಲಿ ಕಳಿಸುವ ಕಾಗದಗಳ ಬುಟ್ಟಿ ಮಾತ್ರ ಅವಳ ಗಲ್ಲಾ ಪಕ್ಕದಲ್ಲೇ ಇದೆ. ಇನ್ನು ನವೆಂಬರ್ ತನಕ ಅದನ್ನು ಎತ್ತಿಕೊಂಡು ಹೋಗುವವರು ಅಪರೂಪ. ಹಾಗಾಗಿ ನನ್ನಿಂದ ಕಾಗದ ಬರಲಿಲ್ಲ ಎಂದರೆ ಸತ್ತಿದ್ದೇನೆ ಅಂತ ಅಂದುಕೊಳ್ಳಬೇಡ, ಇಲ್ಲಿಯ ಅಂಚೆಯನ್ನು ನಂಬಿದ್ದೇನೆ ಅಂತ ತಿಳಿ.

ನನ್ನ ಅಣ್ಣನಿಗೆ, ನಿನ್ನ ಆ ಗಂಡನಿಗೆ, ಸಿಟ್ಟು ಇಳಿಯಿತೋ ಇಲ್ಲವೋ? ಹೊರಡುವ ದಿನ ನನಗೊಂದು ಮಾತು ಹೇಳದೆ ಗಾಡಿ ಹತ್ತಿ ಕೂತ. ಇನ್ನು ಮೇಲೆ ಸ್ಟಿಯರಿಂಗ್ ಆರ್ಲೀನ್ ಕೈಗೆ ಕೊಡು ಅಂತ ನಾನು ಅಂದದ್ದಕ್ಕೆ ಇಷ್ಟು ಮುನಿಸೇ? ಬಲಗಡೆ ಓಡಿಸಬೇಕಾದ ರಸ್ತೆಯಲ್ಲಿ ಅವನು ಸೇತುವೆಯ ಹತ್ತಿರ ಎಡಕ್ಕೆ ಹೋಗಿ ಎದುರಿನ ಬಾಳೆಕಾಯಿ ಲಾರಿಗೆ ಗುದ್ದುವುದೊಂದು ಬಾಕಿಯಿತ್ತು. ಅರವತ್ತೊಂಬತ್ತು ವರ್ಷದ ಗಂಡಸು ಚಿಕ್ಕ ಮಕ್ಕಳ ಹಾಗೆ ಮುಖ ಊದಿಸಿಕೊಂಡರೆ ನಾನೇನು ಓಲೈಸಲು ಬರುವವಳಲ್ಲ ಎಂದು ಅವನಿಗೆ ಹೇಳು. ಅಮ್ಮನ ಮುದ್ದಿನಲ್ಲಿ ಕೆಟ್ಟವನು ಅವನು.

ಸೆಕೆ ಶುರುವಾಗಿದೆ. ಮಧ್ಯಾಹ್ನ ಹ್ಯಾಮಕ್ಕಿನ ಜೋಲಿಯಲ್ಲಿ ಬಿದ್ದರೆ ಏಳಲು ಮನಸ್ಸಾಗುವುದಿಲ್ಲ, ಏಳಬೇಕಾದ ಕಾರಣವೂ ಇಲ್ಲ. ಇದಕ್ಕೇ ತಾನೆ ನಾನಿಲ್ಲಿಗೆ ಬಂದದ್ದು.

ವರ್ನಾ

———

ಡಾರ್ಲೋ, ಸಸ್ಕಾಚೆವಾನ್, ಕೆನಡಾ
ಜುಲೈ 6, 1993

ಪ್ರೀತಿಯ ವರ್ನಾ,

ನಿನ್ನ ಕಾಗದ ಮೇ ಕೊನೆಯಲ್ಲಿ ಸಿಕ್ಕಿತು. ಉತ್ತರ ಬರೆಯಲು ಇಷ್ಟು ತಡಮಾಡಿದ್ದಕ್ಕೆ ಬೈಯಬೇಡ. ಹೊಲವನ್ನು ಗುತ್ತಿಗೆಗೆ ಕೊಟ್ಟ ಮೇಲೂ ಕೆಲಸ ಯಾಕೆ ಮುಗಿಯುವುದಿಲ್ಲವೋ ಗೊತ್ತಿಲ್ಲ. ಈ ವರ್ಷ ಸೊಳ್ಳೆ ಜಾಸ್ತಿ. ಸಾಸಿವೆ ಹೂಬಿಟ್ಟಿದೆ, ಕಿಟಕಿಯಿಂದ ನೋಡಿದರೆ ಎಲ್ಲಾ ಹಳದಿ.

ಆರ್ವಿಲ್‌ಗೆ ನಿನ್ನ ಮೇಲೆ ಸಿಟ್ಟೇನೂ ಇಲ್ಲ, ಅದನ್ನು ಮನಸ್ಸಿನಿಂದ ತೆಗೆದುಹಾಕು. ಸ್ವಲ್ಪ ಅನ್ಯಮನಸ್ಕನಾಗಿರುತ್ತಾನೆ, ಅಷ್ಟೆ. ಮೊನ್ನೆ ಮನೆಯೊಳಗಿನ ಚಪ್ಪಲಿ ಮೆಟ್ಟಿಕೊಂಡೇ ಧಾನ್ಯದ ಗೋದಾಮಿಗೆ ಹೋಗಿ ಗೋಧಿ ಮಾರಬೇಕು ಅಂತ ಸಾಲಿನಲ್ಲಿ ನಿಂತಿದ್ದನಂತೆ. ಗೋಧಿಯೂ ಇಲ್ಲ, ಲಾರಿಯೂ ಇಲ್ಲ. ಅಲ್ಲಿಯವರು ಕಾಫಿ ಕುಡಿಸಿ ಮನೆಗೆ ಬಿಟ್ಟುಹೋದರು. ಆಮೇಲೆ ನಾವಿಬ್ಬರೂ ನಕ್ಕೆವು.

ಒಂದು ವಿಷಯ ಕೇಳಬೇಕಿತ್ತು. ದೋನ್ಯಾ ಚೂಯ್ ಮನೆ ಹಿಂದೆ ಎರಡು ಕೋಣೆಗಳಿದ್ದವಲ್ಲ, ನಿನ್ನ ಅಂಗಳಕ್ಕೆ ಹೊಂದಿಕೊಂಡಂತೆ, ಅವು ಇನ್ನೂ ಖಾಲಿ ಇವೆಯೇ? ಆ ಅಂಗಳದ ಗೇಟಿನ ಚಿಲಕ ಒಳಗಿನದೋ ಹೊರಗಿನದೋ? ಬೆಳಿಗ್ಗೆ ಬೇಗ ಬೀಚಿನಲ್ಲಿ ಯಾರಾದರೂ ಇರುತ್ತಾರೆಯೇ, ಅಥವಾ ಮೀನುಗಾರರು ದೋಣಿ ಇಳಿಸಿ ಹೋದ ಮೇಲೆ ಯಾರೂ ಇರುವುದಿಲ್ಲವೇ? ಸುಮ್ಮನೆ ಕೇಳಿದೆ.

ಇದನ್ನು ನೀನು ಔಷಧದಂಗಡಿಯಿಂದ ಫೋನ್ ಮಾಡಿದಾಗ ಕೇಳಬಹುದಿತ್ತು, ಆದರೆ ಅವನು ಪಕ್ಕದಲ್ಲೇ ಕೂತಿರುತ್ತಾನೆ.

ನಿನ್ನ
ಆರ್ಲೀನ್

———

ಬೋಕಾ ದೆ ಸಾಲ್
ಆಗಸ್ಟ್ 19, 1993

ಆರ್ಲೀನ್,

ನಿನ್ನ ಕಾಗದ ಬರಲು ಐದು ವಾರ ಹಿಡಿಯಿತು, ಮೂಲೆಗಳಲ್ಲಿ ಬೂಷ್ಟು. ಈ ತಿಂಗಳು ಇಲ್ಲಿ ಬೂಷ್ಟು ಹಿಡಿಯದ್ದು ನನ್ನ ನಾಲಿಗೆ ಒಂದೇ. ದಿನಾ ಸಂಜೆ ಮಳೆ, ಬೂಟಿನೊಳಗೆ ಚೇಳು, ಕಾಲಿಗೆ ಮರಳು ನೊಣ. ನೀವು ಬಿಸಿಲಿನ ಊರು ಅಂತ ಹೊಗಳುವುದು ಚಳಿಗಾಲದಲ್ಲಿ ಮಾತ್ರ ಕಂಡದ್ದನ್ನು.

ನಿನ್ನ ಪ್ರಶ್ನೆಗಳಿಗೆ ಉತ್ತರ: ಕೋಣೆಗಳು ಖಾಲಿ ಇವೆ. ಚಿಲಕ ಹೊರಗಿನದು, ಹಿಂದೆ ಅಲ್ಲಿ ಆಡು ಕಟ್ಟುತ್ತಿದ್ದರು. ಬೆಳಿಗ್ಗೆ ಬೀಚಿನಲ್ಲಿ ಎಲಾದಿಯೊ ಇರುತ್ತಾನೆ. ಅವನಿಗೆ ಈಗ ದೋಣಿ ಹತ್ತುವ ವಯಸ್ಸಲ್ಲ, ಬೇರೆಯವರ ಬಲೆ ಹೊಲಿದುಕೊಂಡು ಕೂತಿರುತ್ತಾನೆ. ಮನೆ ಹುಡುಕುವವಳು ಅಡುಗೆಮನೆ ಹೇಗಿದೆ ಅಂತ ಕೇಳುತ್ತಾಳೆ. ಚಿಲಕ ಯಾವ ಕಡೆ ಅಂತ ಕೇಳುವವಳನ್ನು ನಾನು ನಿನ್ನೊಬ್ಬಳನ್ನೇ ಕಂಡದ್ದು.

ಗೋಧಿ ಮಾರಲು ಹೋದವನನ್ನು ಡಾಕ್ಟರಿಗೆ ತೋರಿಸು ಅನ್ನೋಣವೆಂದರೆ ಇದು ಆಗಸ್ಟ್ ಅಲ್ಲವೇ. ಮರೆತಿದ್ದೆ. ನಮ್ಮ ಚಳಿಗಾಲದ ಮಂದಿಗೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ಕಾಯಿಲೆಯೇ ಬರುವುದಿಲ್ಲ. ಹೊರಡುವ ಮುಂಚಿನ ತೊಂಬತ್ತು ದಿನದಲ್ಲಿ ಡಾಕ್ಟರ ಪುಸ್ತಕದಲ್ಲಿ ಹೊಸ ಸಾಲೊಂದು ಬಿದ್ದರೆ ಪ್ರಯಾಣದ ವಿಮೆಯವರು ಕೈಯೆತ್ತುತ್ತಾರೆ, ವಿಮೆ ಇಲ್ಲದಿದ್ದರೆ ಗಡಿ ದಾಟುವ ಧೈರ್ಯವಿಲ್ಲ. ಆಗ ಕೆಮ್ಮು ಬಂದರೆ ದಿಂಬಿನೊಳಗೆ ಕೆಮ್ಮುತ್ತಾರೆ. ಹೋದ ವರ್ಷ ನಿಮ್ಮ ಡಾರ್ಲೋದ ಮರ್ವ್ ಮುರಿದ ಕಾಲ್ಬೆರಳನ್ನು ಇಲ್ಲಿಯವರೆಗೆ ಹೊತ್ತು ತಂದು ಆಮೇಲೆ ಕುಂಟಲು ಶುರು ಮಾಡಿದ. ನಾವೆಲ್ಲ ಎಷ್ಟು ನಕ್ಕೆವು.

ತಮಾಷೆ ಸಾಕು. ಏನು ನಡೆದಿದೆ ಅಂತ ನೇರವಾಗಿ ಬರೆ.

ವರ್ನಾ

———

ಡಾರ್ಲೋ
ಸೆಪ್ಟೆಂಬರ್ 14, 1993

ಪ್ರೀತಿಯ ವರ್ನಾ,

ನೇರವಾಗಿ ಬರೆ ಅಂದೆ, ಬರೆಯುತ್ತಿದ್ದೇನೆ.

ಆರ್ವಿಲ್‌ಗೆ ಮರೆವು ಬಂದಿದೆ. ನೀನು ಮುನಿಸು ಅಂದುಕೊಂಡದ್ದು ಅದೇ. ಆ ದಿನ ಗಾಡಿ ಹತ್ತಿದ ಮೇಲೆ, ಅಲ್ಲಿ ನಿಂತಿದ್ದಳಲ್ಲ, ಆ ಹೆಂಗಸು ಯಾರು ಅಂತ ನನ್ನನ್ನು ಕೇಳಿದ. ನಿನಗೆ ಹೇಳಲು ಬಾಯಿ ಬರಲಿಲ್ಲ. ನಾವು ಊರಿಗೆ ಬಂದ ಮೂರನೇ ದಿನ ಕೊನೆಯ ಹಿಮ ಬಿತ್ತು. ನಾನು ಸ್ನಾನಕ್ಕೆ ಹೋಗಿದ್ದಾಗ ಬಾಗಿಲು ತೆಗೆದುಕೊಂಡು ಹೊರಟಿದ್ದಾನೆ. ಕೆರೆಯ ಹತ್ತಿರ ಸಿಕ್ಕಿದ, ಬೂಟಿಲ್ಲದೆ ಬರೀ ಕಾಲುಚೀಲದಲ್ಲಿ. ಕರುಗಳನ್ನು ನೋಡಬೇಕಿತ್ತಂತೆ. ನಾವು ಕರು ಸಾಕುವುದು ಬಿಟ್ಟು ಹದಿನಾಲ್ಕು ವರ್ಷವಾಯಿತು. ಅದು ಏಪ್ರಿಲ್, ಬದುಕಿದ. ಜನವರಿ ಆಗಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಡಾಕ್ಟರಿಗೆ ಹೇಳಿದರೆ ಅವರು ಬರೆದುಕೊಳ್ಳುತ್ತಾರೆ. ಬರೆದುಕೊಂಡರೆ ವಿಮೆ ಇಲ್ಲ, ಪ್ರಯಾಣ ಇಲ್ಲ. ಆಮೇಲೆ ಉಳಿಯುವುದು ವೃದ್ಧಾಶ್ರಮದ ಆ ಮಹಡಿ, ಬಾಗಿಲಿಗೆ ಅಂಕಿ ಒತ್ತಿದರೆ ಮಾತ್ರ ತೆರೆಯುವಂಥದ್ದು. ಹೋಗಿ ನೋಡಿ ಬಂದೆ. ಒಂದು ಕಿಟಕಿಯೂ ತೆರೆಯುವುದಿಲ್ಲ. ಎಪ್ಪತ್ತು ವರ್ಷ ಬಯಲಿನಲ್ಲಿ ಬದುಕಿದ ಮನುಷ್ಯನನ್ನು ಅಲ್ಲಿ ಬಿಟ್ಟು ಬರಲು ನನ್ನಿಂದ ಆಗದು.

ಅದಕ್ಕೇ ಈ ಸಲ ಬಂದವರು ಹಿಂತಿರುಗುವುದಿಲ್ಲ ಅಂದುಕೊಂಡಿದ್ದೇವೆ. ಬೋಕಾದಲ್ಲಿ ಅವನು ದಾರಿ ತಪ್ಪಿದರೂ ಚಳಿಗೆ ಸಾಯುವುದಿಲ್ಲ, ಯಾರಾದರೂ ಕೈ ಹಿಡಿದು ಮನೆಗೆ ತಂದು ಬಿಡುತ್ತಾರೆ. ಆ ಎರಡು ಕೋಣೆ ಸಾಕು. ಎಲ್ಲಾ ಕೆಲಸ ನಾನೇ ಮಾಡುತ್ತೇನೆ, ನೀನು ಬೆರಳೆತ್ತಬೇಕಾಗಿಲ್ಲ. ಗೋಡೆಯಾಚೆ ನೀನು ಇದ್ದೀಯ ಅಂತ ಗೊತ್ತಿದ್ದರೆ ನನಗೆ ಅಷ್ಟೇ ಸಾಕು.

ನಾನು ಚೆನ್ನಾಗಿದ್ದೇನೆ. ತೆಳ್ಳಗಾಗಿದ್ದೇನೆ, ಇಪ್ಪತ್ತು ವರ್ಷದ ಹಿಂದೆ ಹೊಲಿಸಿದ ಬಟ್ಟೆ ಮತ್ತೆ ಹಿಡಿಸುತ್ತಿದೆ.

ಆರ್ಲೀನ್

———

ಬೋಕಾ ದೆ ಸಾಲ್
ಅಕ್ಟೋಬರ್ 10, 1993

ಆರ್ಲೀನ್,

ಮರ್ವ್ ಈ ಸಲ ಬೇಗನೆ ಬಂದಿದ್ದ, ಈಗ ಮೊಮ್ಮಗಳ ನಾಮಕರಣಕ್ಕೆ ವಿಮಾನ ಹತ್ತುತ್ತಿದ್ದಾನೆ. ಅಂಚೆಪೆಟ್ಟಿಗೆಗೆ ಹಾಕಬೇಡ, ನಿನ್ನ ಕೈಗೇ ಕೊಡಬೇಕು ಅಂತ ಹೇಳಿದ್ದೇನೆ.

ನಾಲ್ಕು ಸಲ ಬರೆದು ಹರಿದೆ. ಇನ್ನು ಹರಿಯುವುದಿಲ್ಲ. ಕರೆದುಕೊಂಡು ಬರಬೇಡ.

ಮರೆವು ಬಂದಿದ್ದ ಅಮ್ಮನನ್ನು ಒಂಬತ್ತು ವರ್ಷ ನೋಡಿಕೊಂಡವಳು ನಾನು. ನನ್ನ ನಲವತ್ತೆಂಟನೇ ವಯಸ್ಸಿನಿಂದ ಐವತ್ತೇಳರವರೆಗೆ. ನೀವು ಮೂರು ಮೈಲಿ ಆಚೆ ಇದ್ದಿರಿ. ಭಾನುವಾರ ಬರುತ್ತಿದ್ದಿರಿ, ಕೇಕು ತರುತ್ತಿದ್ದಿರಿ, "ಅಮ್ಮ ಎಷ್ಟ್ ಚೆನ್ನಾಗಿ ಕಾಣ್ತಾಳೆ ನೋಡು" ಅನ್ನುತ್ತಿದ್ದಿರಿ. ಅಮ್ಮ ಚೆನ್ನಾಗಿ ಕಾಣುತ್ತಿದ್ದದ್ದು ನೀವು ಬರುವ ಅರ್ಧ ಗಂಟೆ ಮುಂಚೆ ನಾನು ಅವಳನ್ನು ತೊಳೆದು, ಬಟ್ಟೆ ಬದಲಿಸಿ, ಅವಳು ಕಚ್ಚಿದ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿರುತ್ತಿದ್ದದ್ದರಿಂದ. ಆ ಪಟ್ಟಿ ಏನು ಅಂತ ನೀವಿಬ್ಬರೂ ಒಂದು ದಿನ ಕೇಳಲಿಲ್ಲ. ಅವಳನ್ನು ಮಣ್ಣು ಮಾಡಿದ ತಿಂಗಳೇ ನಾನು ಎರಡು ಗಡಿ ದಾಟಿ ಇಲ್ಲಿಗೆ ಬಂದು ಬಿದ್ದೆ. ಬಿಸಿಲಿಗಾಗಿ ಬಂದೆ ಅಂತ ಎಲ್ಲರಿಗೂ ಹೇಳುತ್ತೇನೆ. ನಾನು ಬಂದದ್ದು ಯಾರೂ ನನ್ನನ್ನು ಕರೆಯದಿರಲಿ ಅಂತ.

ನೀನು ಎಲ್ಲಾ ಮಾಡುತ್ತೇನೆ ಅನ್ನುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ಆರು ತಿಂಗಳಲ್ಲಿ ನೀನು ಗೋಡೆ ತಟ್ಟುತ್ತೀಯ, ನಾನು ಎದ್ದು ಬರಬೇಕಾಗುತ್ತದೆ. ನನಗೆ ಸುಸ್ತಾಗಿದೆ, ಆರ್ಲೀನ್. ಆರು ವರ್ಷ ಮಲಗಿ ಎದ್ದರೂ ಆ ಸುಸ್ತು ಹೋಗಿಲ್ಲ. ಅವನು ನನ್ನ ಒಡಹುಟ್ಟಿದವನು, ಗೊತ್ತು. ಆದರೂ ಬೇಡ.

ಕ್ಷಮಿಸು ಅಂತ ಬರೆಯುವುದಿಲ್ಲ.

ವರ್ನಾ

———

ಬೋಕಾ ದೆ ಸಾಲ್
ಡಿಸೆಂಬರ್ 12, 1993

ಆರ್ಲೀನ್,

ನವೆಂಬರ್ ಒಂಬತ್ತಕ್ಕೆ ಬಂದಿರಿ. ಗೇಟಿನಲ್ಲಿ ಕ್ಯಾಂಪರ್ ನಿಂತದ್ದು ನೋಡಿ ನಾನೇ ಹೋಗಿ ಚಿಲಕ ತೆಗೆದೆ. ನೀನು ಇಳಿದು ನನ್ನನ್ನು ಅಪ್ಪಿಕೊಂಡೆ, ಏನೂ ಆಗದವಳ ಹಾಗೆ. ಹದಿನೇಳಕ್ಕೆ "ಜಮೀನಿನ ಕಾಗದಕ್ಕೆ ಸಹಿ ಹಾಕಿ ಬರ್ತೀನಿ, ಹೆಚ್ಚಂದ್ರೆ ಎರಡು ವಾರ" ಅಂತ ವಿಮಾನ ಹತ್ತಿದೆ. ಇವತ್ತಿಗೆ ಮೂರೂವರೆ ವಾರ. ಮೂರು ಸಲ ಫೋನ್ ಮಾಡಿದೆ, ಎತ್ತುವವರಿಲ್ಲ. ಯಾವ ಜಮೀನಿಗೆ ಇಷ್ಟು ಸಹಿ?

ನಿನ್ನ ಗಂಡನ ವರದಿ ಕೊಡುತ್ತೇನೆ, ಕೇಳು. ಬೆಳಕು ಹರಿಯುವ ಮುಂಚೆ ಎದ್ದು ಹೊರಗೆ ಹೊರಡುತ್ತಾನೆ, ಅವನ ಹಿಂದೆ ನಾನು. ಸ್ನಾನ ಮಾಡಿಸಲು ಒಂದು ಗಂಟೆ. ನನ್ನನ್ನು ಯಾರೋ ಸಂಬಳದವಳು ಅಂದುಕೊಂಡಿದ್ದಾನೆ. ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ, ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಮೊನ್ನೆ ತಲೆ ಒರೆಸುತ್ತಿದ್ದಾಗ ಕೇಳಿದ.

"ನೀವು ಇದೇ ಊರಿನೋರಾ?"

"ಹೂಂ, ಇದೇ ಊರು."

"ನಮ್ಮ ಭಾಷೆ ಚೆನ್ನಾಗಿ ಮಾತಾಡ್ತೀರಲ್ಲ. ಎಲ್ಲಿ ಕಲಿತ್ರಿ?"

"ನಿನ್ ಜೊತೇನೇ ಕಲ್ತಿದ್ದು ಕಣೋ, ಒಂದೇ ಅಡುಗೆಮನೇಲಿ."

ಅವನು ನಕ್ಕ. ಒಳ್ಳೆಯ ತಮಾಷೆ ಅಂದುಕೊಂಡ. ನಾನು ಟವೆಲು ಅವನ ತಲೆಯ ಮೇಲೇ ಬಿಟ್ಟು ಹೊರಗೆ ಹೋಗಿ ಕೂತೆ.

ಎರಡು ವಾರ ಅಂದಿದ್ದೆ ನೀನು. ಮೊದಲ ವಿಮಾನ ಹಿಡಿದು ಬಾ.

ವರ್ನಾ

———

ಡಿಸೆಂಬರ್ 27, 1993

ಪ್ರೀತಿಯ ವರ್ನಾ,

ನಿನಗೆ ಸಿಟ್ಟು ಬರುವುದು ನ್ಯಾಯವೇ. ವಕೀಲರು ಕ್ರಿಸ್‌ಮಸ್ ರಜೆಯಲ್ಲಿದ್ದಾರೆ, ಜನವರಿ ಮೊದಲ ವಾರಕ್ಕೆ ಬರುತ್ತಾರಂತೆ. ಹಿಮ ವಿಪರೀತ, ರಸ್ತೆ ಮುಚ್ಚಿದೆ. ಕೈ ಉಳುಕಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೆ.

ಅವನಿಗೆ ಬೂಟಿನ ದಾರ ಕಟ್ಟಲು ಹೇಳಬೇಡ, ಅದಕ್ಕೆ ಸಿಟ್ಟು ಮಾಡಿಕೊಳ್ಳುತ್ತಾನೆ. ಕಟ್ಟಿಸಿಕೊಳ್ಳುವುದಕ್ಕೆ ಏನೂ ಅನ್ನುವುದಿಲ್ಲ. ಸ್ನಾನ ಬೇಡ ಅಂದರೆ, ಇವತ್ತು ಶನಿವಾರ, ಕುಣಿತಕ್ಕೆ ಹೋಗಬೇಕು ಅನ್ನು. ತಾನಾಗಿ ಬಂದು ನಿಲ್ಲುತ್ತಾನೆ. ಮೊಟ್ಟೆಯ ಹಳದಿ ಹರಿಯುವಂತಿರಬೇಕು.

ಅವನು ನನ್ನನ್ನು ಕೇಳುತ್ತಾನೆಯೇ?

ಆರ್ಲೀನ್

———

ಬೋಕಾ ದೆ ಸಾಲ್
ಜನವರಿ 15, 1994

ಆರ್ಲೀನ್,

ಲಕೋಟೆಯ ಮೇಲೆ ಸಾಸ್ಕಟೂನ್ ನಗರದ ಮುದ್ರೆ ಇದೆ. ಡಾರ್ಲೋದಿಂದ ಅಲ್ಲಿಗೆ ಎರಡೂವರೆ ಗಂಟೆ, ರಸ್ತೆ ಮುಚ್ಚಿದೆ ಅಂತ ನೀನೇ ಬರೆದಿದ್ದೀಯ. ಹೊಸ ವರ್ಷ ಕಳೆದು ಮರ್ವ್ ಬಂದ. "ನಿಮ್ಮ ಅಣ್ಣನ ಮನೆ ಮುಂದೆ ಹಾದುಬಂದೆ. ಹಿಮ ಯಾರೂ ತೆಗ್ದಿಲ್ಲ, ಹೊಗೆಗೂಡಲ್ಲಿ ಹೊಗೇನೂ ಇಲ್ಲ" ಅಂದ. ನೀನು ಎಲ್ಲಿದ್ದೀಯ?

ಶನಿವಾರದ ಉಪಾಯ ಫಲಿಸಿತು. ಈಗ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ಶನಿವಾರ.

ಬೆಳಿಗ್ಗೆ ಅವನ ಹಿಂದೆ ಓಡುವುದನ್ನು ನಿಲ್ಲಿಸಿದ್ದೇನೆ. ಗೇಟು ತೆಗೆದು ಬಿಡುತ್ತೇನೆ, ಅವನು ನೇರವಾಗಿ ಎಲಾದಿಯೊ ಹತ್ತಿರ ಹೋಗಿ ಬಲೆಯ ಇನ್ನೊಂದು ತುದಿ ಹಿಡಿದು ಕೂರುತ್ತಾನೆ. ಒಬ್ಬ ಸ್ಪ್ಯಾನಿಷ್‌ನಲ್ಲಿ ದೋಣಿಯ ಕಥೆ ಹೇಳುತ್ತಾನೆ, ಇನ್ನೊಬ್ಬ ಇಂಗ್ಲಿಷಿನಲ್ಲಿ ಕರುಗಳ ಕಥೆ. ಇಬ್ಬರಿಗೂ ಬೇಸರವಿಲ್ಲ. ಹೊಟ್ಟೆ ಹಸಿದಾಗ ಯಾರಾದರೂ ಅವನನ್ನು ದೋನ್ಯಾ ಚೂಯ್ ಹೋಟೆಲಿಗೆ ತಂದು ಕೂರಿಸುತ್ತಾರೆ. ನಾನು ಅವಳಿಗೆ ಕ್ಷಮೆ ಕೇಳಲು ಹೋದೆ, ಹೀಗೆ ಮರೆವಿನ ಮನುಷ್ಯ ನಿಮಗೆ ತೊಂದರೆ ಅಂತ. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

"ಮರೆತ್ರೆ ಏನಮ್ಮಾ? ಈ ಊರಲ್ಲಿ ನೆನಪಿಟ್ಕೊಳ್ಳೋಕೆ ಏನಿದೆ? ಸಮುದ್ರ ಆ ಕಡೆ, ಚರ್ಚು ಈ ಕಡೆ. ನನ್ ಗಂಡ ಎಲ್ಲಾ ನೆನಪಿಟ್ಕೊಂಡಿದ್ದ, ನಾನು ಹಾಕಿದ್ ಉಪ್ಪಿನ ಲೆಕ್ಕಾನೂ. ನಿಮ್ಮಣ್ಣನೇ ವಾಸಿ, ಕೊಟ್ಟಿದ್ದು ತಿಂತಾನೆ, ಕೈ ಹಿಡ್ದು ಥ್ಯಾಂಕ್ಸ್ ಹೇಳ್ತಾನೆ."

ನನಗೆ ಸುಸ್ತು ಇದ್ದೇ ಇದೆ. ಆದರೆ ಅಮ್ಮನ ಜೊತೆ ಇದ್ದಾಗ ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ಇದ್ದೆ. ಇಲ್ಲಿ ಬಾಗಿಲು ಹಾಕಲು ಈ ಜನ ಬಿಡುವುದಿಲ್ಲ.

ಎಲ್ಲಿದ್ದೀಯ ಅಂತ ಬರೆ.

ವರ್ನಾ

———

ಸಾಸ್ಕಟೂನ್
ಫೆಬ್ರವರಿ 2, 1994

ಪ್ರೀತಿಯ ವರ್ನಾ,

ನಾನು ಇಲ್ಲಿಯ ಆಸ್ಪತ್ರೆಯಲ್ಲಿದ್ದೇನೆ, ಡಾರ್ಲೋ ಅಂಚೆಯವರು ನಿನ್ನ ಕಾಗದಗಳನ್ನು ಇಲ್ಲಿಗೇ ಕಳಿಸುತ್ತಾರೆ. ಇದನ್ನು ನರ್ಸ್ ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಒಳ್ಳೆಯ ಹುಡುಗಿ, ಬರೆದದ್ದನ್ನು ಯಾರಿಗೂ ಹೇಳುವುದಿಲ್ಲವಂತೆ.

ಜೂನ್ ಕೊನೆಯಲ್ಲಿ ಪಕ್ಕೆಯ ಕೆಳಗೆ ನೋವು ಶುರುವಾಯಿತು. ಜುಲೈಯಲ್ಲಿ ಕೈಗೆ ಗಂಟು ಸಿಕ್ಕಿತು. ಡಾಕ್ಟರ ಹತ್ತಿರ ಹೋಗಲಿಲ್ಲ. ನೀನು ಆಗಸ್ಟ್‌ನ ತಮಾಷೆ ಬರೆದಿದ್ದೆಯಲ್ಲ, ಅದನ್ನು ಓದಿ ಅಡುಗೆಮನೆಯಲ್ಲಿ ನಿಂತುಕೊಂಡೇ ನಕ್ಕೆ, ಪಕ್ಕೆ ನೋಯುವಷ್ಟು. ಹೋಗಿದ್ದರೆ ಬರೆದುಕೊಳ್ಳುತ್ತಿದ್ದರು, ನನ್ನನ್ನು ಇಲ್ಲೇ ಮಲಗಿಸುತ್ತಿದ್ದರು, ಅವನನ್ನು ಆ ಮಹಡಿಗೆ ಕಳಿಸುತ್ತಿದ್ದರು. ಮೊದಲು ಅವನನ್ನು ತಲುಪಿಸೋಣ, ಆಮೇಲೆ ನನ್ನದು ನೋಡಿಕೊಂಡರಾಯಿತು ಅಂದುಕೊಂಡೆ. ವಸಂತದವರೆಗೆ ತಡೆಯುತ್ತದೆ ಅಂದುಕೊಂಡೆ. ಜುಲೈಯಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಇಲ್ಲಿಯ ಡಾಕ್ಟರ್ ಹೇಳಿದರು. ಈಗ ನೋವಿಗೆ ಮಾತ್ರ ಔಷಧ ಕೊಡುತ್ತಾರೆ. ಸಹಿ ಹಾಕಲು ಜಮೀನಿನ ಕಾಗದ ಯಾವುದೂ ಇರಲಿಲ್ಲ.

ಇನ್ನೊಂದು ಹೇಳಲೇಬೇಕು. ನಿನ್ನ ಅಕ್ಟೋಬರ್ ಕಾಗದ ದಾರಿಯಲ್ಲಿ ಕಳೆದುಹೋಯಿತು ಅಂದುಕೊಂಡಿರಬೇಕು ನೀನು, ಅದಕ್ಕೇ ಮರ್ವ್‌ನನ್ನೂ ಕೇಳದೆ, ನನ್ನ ಹತ್ತಿರವೂ ಅದರ ಮಾತೆತ್ತಿಲ್ಲ. ಮರ್ವ್ ಹದಿನೇಳನೇ ತಾರೀಕು ಬಂದು ನನ್ನ ಕೈಗೇ ಕೊಟ್ಟ. ಎರಡು ಸಲ ಓದಿದೆ. ಒಲೆಗೆ ಹಾಕಿದೆ. ಆಮೇಲೆ ಅವನ ಬಟ್ಟೆ ಮಡಚಲು ಕೂತೆ. ನೀನು ಬರೆದ ಒಂದು ಸಾಲೂ ಸುಳ್ಳಲ್ಲ. ನಿನ್ನ ಕೈಯ ಪಟ್ಟಿ ನನ್ನ ಕಣ್ಣಿಗೆ ಬಿದ್ದಿತ್ತು, ವರ್ನಾ. ಕೇಳಿದರೆ ಅರ್ಧ ಹೊರೆ ನನ್ನ ಮೇಲೆ ಬರುತ್ತದೆ ಅಂತ ಕೇಳಲಿಲ್ಲ. ನೀನು ಬೇಡ ಅಂದದ್ದು ಗೊತ್ತಿದ್ದೂ ಅವನನ್ನು ನಿನ್ನ ಅಂಗಳದಲ್ಲಿ ಇಳಿಸಿ ಬಂದೆ. ನೀನು ಹೊರಗೆ ಹಾಕುವವಳಲ್ಲ ಅಂತ ಗೊತ್ತಿತ್ತು, ಅದನ್ನೇ ಬಳಸಿಕೊಂಡೆ. ಇದಕ್ಕಿಂತ ದೊಡ್ಡ ಮೋಸ ನಾನು ಯಾರಿಗೂ ಮಾಡಿಲ್ಲ.

ನೀನು ಈಗಲೂ ಬೇಡ ಅಂದರೆ ಮರ್ವ್‌ಗೆ ಹೇಳು, ಏಪ್ರಿಲ್‌ನಲ್ಲಿ ಅವನು ಕರೆತರುತ್ತಾನೆ, ವೃದ್ಧಾಶ್ರಮದವರು ಜಾಗ ಇಟ್ಟಿದ್ದಾರೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನಿನ್ನಿಂದ ಒಂದು ಮಾತು ಬಂದರೆ ಸಾಕು, ಹೌದೋ ಅಲ್ಲವೋ. ಅದು ಗೊತ್ತಾಗದೆ ಹೋಗುವುದಕ್ಕೆ ನನಗೆ ಹೆದರಿಕೆ.

ಅವನು ನನ್ನನ್ನು ಕೇಳುತ್ತಾನೆಯೇ ಅಂತ ಬರೆದಿದ್ದೆ. ನೀನು ಅದಕ್ಕೆ ಉತ್ತರ ಕೊಡಲಿಲ್ಲ.

ಆರ್ಲೀನ್

ನನ್ನ ಹಾಸಿಗೆಯ ಪಕ್ಕ ಫೋನ್ ಇದೆ. ನಂಬರನ್ನು ನರ್ಸ್ ಕೆಳಗೆ ಬರೆಯುತ್ತಾಳೆ.

———

ಬೋಕಾ ದೆ ಸಾಲ್
ಫೆಬ್ರವರಿ 21, 1994

ಆರ್ಲೀನ್,

ಬುಟ್ಟಿಗೆ ಹಾಕಲಿಲ್ಲ. ಸಾಸ್ಕಟೂನಿನ ವಿಮಾನಕ್ಕೆ ಹೊರಟಿದ್ದ ದಂಪತಿಯನ್ನು ಇವತ್ತು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಹಿಡಿದು, ಗುರುತಿಲ್ಲದಿದ್ದರೂ ಕೈ ಮುಗಿಯುವುದೊಂದು ಬಿಟ್ಟು ಎಲ್ಲಾ ಮಾಡಿ ಒಪ್ಪಿಸಿದ್ದೇನೆ. ಗುರುವಾರ ನಿನ್ನ ವಾರ್ಡಿಗೇ ತಂದುಕೊಡುತ್ತಾರೆ.

ಅವನು ಇಲ್ಲೇ ಇರುತ್ತಾನೆ. ಯಾವ ಮರ್ವೂ ಕರೆದುಕೊಂಡು ಹೋಗುವುದು ಬೇಡ. ಆ ಜಾಗ ಬೇರೆಯವರಿಗೆ ಕೊಡಲಿ.

ನೀನು ಮಾಡಿದ್ದು ಮೋಸವೇ. ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಉರಿದುಕೊಂಡೆ, ಪಾತ್ರೆ ಎತ್ತಿ ಹಾಕಿದೆ, ದೋನ್ಯಾ ಚೂಯ್ ಹತ್ತಿರವೂ ಜಗಳವಾಡಿದೆ. ನನಗೆ ಹೆಚ್ಚು ಉರಿದದ್ದು ಬೇರೆಯದಕ್ಕೆ. ಜುಲೈಯಲ್ಲೇ ಹೇಳಿದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತಿದ್ದೆ, ನೀನು ಡಾಕ್ಟರ ಹತ್ತಿರ ಹೋಗುತ್ತಿದ್ದೆ. ನಾನು ಅಂಥವಳು ಅಂತ ನಿನಗೆ ಅನ್ನಿಸಲಿಲ್ಲ. ಅನ್ನಿಸುವ ಹಾಗೆ ನಾನು ಇರಲೂ ಇಲ್ಲ. ಆಗಸ್ಟ್ ಅಂತ ನಗುತ್ತಾ ಕೂತಿದ್ದೆ. ಅದು ನನ್ನ ಎದೆಯಲ್ಲಿ ಇರುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ. ಅವನು ನಿನ್ನ ಹೆಸರು ಹೇಳುವುದಿಲ್ಲ. ಆದರೆ ಊಟಕ್ಕೆ ಕೂತಾಗ ಪಕ್ಕದ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದು ಇಡುತ್ತಾನೆ, ಯಾರಾದರೂ ಕೂರಲು ಬಂದರೆ "ಆ ಜಾಗದಲ್ಲಿ ಜನ ಇದಾರೆ" ಅನ್ನುತ್ತಾನೆ. ಇದನ್ನು ಬರೆದರೆ ನೀನು ಅಳುತ್ತೀಯ ಅಂತ ಆಗ ಬರೆಯಲಿಲ್ಲ. ಈಗ ಅತ್ತರೆ ಅಳು.

ಇಲ್ಲಿ ಔಷಧದಂಗಡಿಯಲ್ಲಿ ದೂರದ ಕರೆಗೆ ಮರದ ಗೂಡುಗಳಿವೆಯಲ್ಲ, ಅಲ್ಲಿ ಕೆನಡಾಕ್ಕೆ ಲೈನು ಸಿಗುವುದು ಭಾನುವಾರ ಮಾತ್ರ. ಬರುವ ಭಾನುವಾರ, ಇಪ್ಪತ್ತೇಳರಂದು, ನಿನ್ನ ಗಡಿಯಾರದಲ್ಲಿ ಮಧ್ಯಾಹ್ನ ಮೂರಕ್ಕೆ ಆ ನಂಬರಿಗೆ ಮಾಡಿಸುತ್ತೇನೆ. ಅವನನ್ನು ಒಳಗೆ ಸ್ಟೂಲಿನ ಮೇಲೆ ಕೂರಿಸಿ ರಿಸೀವರನ್ನು ಅವನ ಕಿವಿಗೆ ನಾನೇ ಹಿಡಿದುಕೊಂಡಿರುತ್ತೇನೆ. ಯಾರ ದನಿ ಅಂತ ಅವನಿಗೆ ತಿಳಿಯದಿರಬಹುದು. ನೀನು ಮಾತಾಡು. ಏನಾದರೂ ಮಾತಾಡು, ಮೊಟ್ಟೆಯ ಬಗ್ಗೆ, ಕುಣಿತದ ಬಗ್ಗೆ. ಕೈ ನೋಯುತ್ತದೆ ಅಂತ ನಾನು ರಿಸೀವರ್ ಇಳಿಸುವುದಿಲ್ಲ.

ಆ ಕಡೆ ಎತ್ತಿದ್ದು ಬೇರೆ ಯಾರಾದರೂ ಆಗಿದ್ದರೆ, ಅವರು ಹೇಳುವುದನ್ನು ನಾನೊಬ್ಬಳೇ ಕೇಳಿಸಿಕೊಳ್ಳುತ್ತೇನೆ. ಅವನಿಗೆ, ಇವತ್ತು ಲೈನು ಸರಿಯಿಲ್ಲ, ಮುಂದಿನ ಭಾನುವಾರ ಬರೋಣ ಅನ್ನುತ್ತೇನೆ. ಅವನು ಆಗಲಿ ಅನ್ನುತ್ತಾನೆ. ಮುಂದಿನ ಭಾನುವಾರವೂ ಹೋಗುತ್ತೇವೆ.

ವರ್ನಾ